ರಟ್ಟಿನ ಮೇಲಿನ ಲೆಕ್ಕ

ರಾತ್ರಿ ಕಾರಿನಡಿ ಹಾಸಿದ್ದ ರಟ್ಟಿನ ಮೇಲೆ
ಬೆಳಿಗ್ಗೆ ಏಳು ಹನಿ.
ಒಂದೊಂದಕ್ಕೂ ಪೆನ್ಸಿಲ್ಲಿನ ಸುತ್ತು ಹಾಕಿ
ಬದಿಯಲ್ಲಿ ಬರೆದೆ: ಮೇ ನಾಲ್ಕು, ಏಳು.
ಹಿಂದಿನ ದಿನ ಐದಿತ್ತು.
ಅದರ ಹಿಂದಿನ ರಟ್ಟನ್ನು ಬೆಕ್ಕು ಎಳೆದುಕೊಂಡು ಹೋಗಿತ್ತು.

ಇಪ್ಪತ್ತೊಂಬತ್ತರ ಫೋರ್ಡು.
ಉರುಗ್ವೆಯ ಈ ಕಾರ್ಮೆಲೋದಲ್ಲಿ
ಇಂಥವನ್ನು ಮುದ್ದಿನಿಂದ ಕಚೀಲಾ ಅನ್ನುತ್ತೇವೆ.
ಎಣ್ಣೆ ಸೋರಿದಾಗ ಅನ್ನಲು ಬೇರೆ ಹೆಸರಿದೆ,
ಅಕ್ಕ ಎಲ್ಮಾಳೆದುರು ಅದನ್ನು ಆಡುವಂತಿಲ್ಲ.

ಎಂಜಿನ್ನು ಪೂರಾ ಹೊಸದು. ಅಂದರೆ ಹಳೆಯದೇ,
ಬಿಚ್ಚಿ, ತಿಕ್ಕಿ, ಕೊರೆಸಿ, ಮತ್ತೆ ಜೋಡಿಸಿದ್ದು.
ಬೇರಿಂಗಿಗೆ ಬಿಳಿಲೋಹ ಹೊಯ್ದವನು ಬಾಲ್ಡೊಮೇರೊ.
ಎಡಗಿವಿ ಕೇಳದು, ಬಲಗಿವಿ ಬೇಕಾದಾಗ ಮಾತ್ರ.
ಹೊಯ್ಯುವ ಮುಂಚೆ ಸೌದೆಚಕ್ಕೆ ಅದ್ದಿ ನೋಡುವನು:
ಕಂದು ತಿರುಗಿದರೆ ಹದ, ಕಪ್ಪಾದರೆ ಕೆಟ್ಟಿತು.
ನಾನೊಂದು ಥರ್ಮಾಮೀಟರ್ ತಂದುಕೊಟ್ಟಿದ್ದೆ.
ಅದನ್ನು ತನ್ನ ಯೆರ್ಬಾ ಕಷಾಯದ ನೀರಿಗೆ ಇಳಿಬಿಟ್ಟಿದ್ದ.

ಸೋರುವುದು ಹಿಂಬದಿಯಲ್ಲಿ.
ಹಿಂಬದಿ ಅಂದರೆ ಹಿಂದಿನ ಬೇರಿಂಗು,
ಬೇರಿಂಗು ಅಂದರೆ ಬಾಲ್ಡೊಮೇರೊ.
ಅಷ್ಟು ಸಲೀಸಾಗಿತ್ತು ನನ್ನ ತರ್ಕ.

ಮೂರು ಸಲ ಎಂಜಿನ್ ಇಳಿಸಿದೆ.
ಬೆಂಡಿನ ಗ್ಯಾಸ್ಕೆಟ್ಟು ಬದಲಿಸಿದೆ, ಅದಕ್ಕೆ ಅಂಟು,
ಅಂಟಿನ ಮೇಲೆ ಅಂಟು.
ಎಣ್ಣೆ ಮರಳುವ ಕೊಳವೆಗೆ ತಂತಿ ತೂರಿಸಿದೆ, ಸ್ವಚ್ಛ.
ಕೂದಲೆಳೆಯ ಅಂತರ ಅಳೆದೆ, ಸರಿಯಿತ್ತು.
ಸರಿಯಿದ್ದದ್ದಕ್ಕೇ ಸಿಟ್ಟು ಬಂತು.

ಅವನ ಅಂಗಡಿಗೆ ಹೋಗಿ ಬೆಂಚಿನ ಮೇಲೆ ರಟ್ಟು ಹರಡಿದೆ.
"ನಿನ್ನ ಕೈ ನಡುಗಲು ಶುರುವಾಗಿದೆ" ಅಂದೆ.
ಬಲಗಿವಿಗೆ ಕೇಳಿಸಿತು.
ಅಲ್ಲಿಂದ ಹನ್ನೊಂದು ತಿಂಗಳು
ದಾರಿಯಲ್ಲಿ ನಾನೆದುರಾದರೆ ಅವನು
ಅಂಗಡಿಗಳ ಬೋರ್ಡು ಓದುತ್ತ ನಡೆದ,
ಅರವತ್ತು ವರ್ಷದಿಂದ ಬದಲಾಗದ ಬೋರ್ಡುಗಳು.

ಎಣ್ಣೆ ಹೊರಡುವ ಜಾಗ ಬೇರೆ, ತೊಟ್ಟಿಕ್ಕುವ ಜಾಗ ಬೇರೆ.
ಹೇಳಿಕೊಟ್ಟವರಿದ್ದರು. ಕಲಿತದ್ದು
ಎಲ್ಮಾಳ ಪೌಡರ್ ಡಬ್ಬಿ ಕದ್ದ ದಿನ.
ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ,
ಎಳೆಗೂಸಿನ ಬೆನ್ನಿಗೆ ಹಚ್ಚುವ ಹಾಗೆ ಹಚ್ಚಿ,
ಚಾಲೂ ಮಾಡಿ,
ಕನ್ನಡಿ ಚೂರು, ಟಾರ್ಚು ಹಿಡಿದು ಅಂಗಾತ ಮಲಗಿದೆ.
ಕಾಲು ಗಂಟೆ ಎಲ್ಲ ಬಿಳಿ.
ಆಮೇಲೆ ಹಿಂದೆ ಮಾತ್ರವಲ್ಲ,
ಮುಂದೆ, ಬದಿಗೆ, ಕವಾಟದ ಬಾಗಿಲ ಬೋಲ್ಟುಗಳ ಸುತ್ತ
ಒಟ್ಟಿಗೇ ಬೆವರೊಡೆಯಿತು.
ಒಬ್ಬನ ಕೈ ಇಷ್ಟೊಂದು ಕಡೆ ನಡುಗಿರಲಾರದು.

ಎಣ್ಣೆ ತಗ್ಗಿತೇನೋ ಎಂದು
ಓಡುತ್ತಿದ್ದ ಎಂಜಿನ್ನಿನ ಮುಚ್ಚಳ ಕಿತ್ತೆ.
ಬುಸ್ಸೆಂದಿತು.

ಮುಚ್ಚಳದೊಳಗೆ ಒಂದು ರಬ್ಬರ್ ಉಂಗುರ,
ಸೈಕಲ್ ಟ್ಯೂಬಿನಿಂದ ನಾನೇ ಕತ್ತರಿಸಿದ್ದು,
ಮುಚ್ಚಳ ಗಲಗಲ ಅನ್ನುತ್ತದೆಂದು.
ಬಣ್ಣ ಬಳಿಯುವಾಗ ಅದರ ಸಂದಿಗಳನ್ನೂ ತುಂಬಿದ್ದೆ, ಅಂದವಾಗಿ.
ಉಸಿರಿಗೆಂದು ಬಿಟ್ಟ ದಾರಿ ಅದು.
ಹೊಟ್ಟೆಯ ಗಾಳಿ ಮತ್ತೆಲ್ಲಿಗೆ ಹೋದೀತು?
ಎಣ್ಣೆಯನ್ನು ಮುಂದೆ ದಬ್ಬಿಕೊಂಡು
ಸಿಕ್ಕ ಸಿಕ್ಕ ಬಿರುಕಿನಲ್ಲಿ ಹೊರಟಿತ್ತು.
ಎತ್ತಿಗೆ ಜ್ವರ. ನಾನು ಬರೆ ಎಳೆದದ್ದು ಯಾರಿಗೆ.

ಉಂಗುರವನ್ನು ಒಯ್ದು ಅವನ ಬೆಂಚಿನ ಮೇಲಿಟ್ಟೆ.
ಬೆರಳಿಗೆ ಸಿಕ್ಕಿಸಿ ಗಿರಿಗಿರಿ ತಿರುಗಿಸಿದ, ಮೂಸಿದ,
ಆಮೇಲೆ ಸ್ಟೂಲು ಸರಿಸಿ
ಎಡಗಿವಿಯನ್ನೇ ನನ್ನ ಕಡೆ ಮಾಡಿ ಕೂತ.
ತಪ್ಪಾಯಿತು ಅಂದೆ.
ಏನು? ಅಂದ.
ಎದುರು ಬೇಕರಿಯ ಒಲಿಂಡಾ
ಹಿಟ್ಟಿನ ಕೈಯಲ್ಲೇ ಹೊರಬಂದು ನೋಡುವ ತನಕ
ತಪ್ಪಾಯಿತು, ತಪ್ಪಾಯಿತು ಎಂದು ಕೂಗಿದೆ.

"ಈಗೆಷ್ಟು?"
"ಎರಡು. ರಾತ್ರಿಗೆ ಎರಡು, ಹಿಂಬದಿಯಲ್ಲಿ."
ಎದ್ದು ಕೆಟಲಿನಲ್ಲಿ ಥರ್ಮಾಮೀಟರ್ ಅದ್ದಿ,
ಕಿಟಕಿಯ ಬೆಳಕಿಗೆ ಹಿಡಿದು ಓದಿದ.
"ಆ ಎರಡು ನನ್ನವು" ಅಂದ.